44 ವರ್ಷ, ಮುಟ್ಟು ಏರುಪೇರು, ರಾತ್ರಿ ಬೆವರು: ಗರ್ಭಕೋಶ ತೆಗೆಸುವ ಮುಂಚೆ ಏನೇನು ಕೇಳಬೇಕು?

ತುಮಕೂರಿನ ಗೃಹಿಣಿ:

ಅಕ್ಕಂದಿರಿಗೆಲ್ಲ ನಮಸ್ಕಾರ. ನನಗೆ 44 ವರ್ಷ, ಇಬ್ಬರು ಮಕ್ಕಳು. ಕಳೆದ ವರ್ಷದಿಂದ ಮುಟ್ಟು ಲೆಕ್ಕಕ್ಕೇ ಸಿಗುತ್ತಿಲ್ಲ. ಎರಡು ತಿಂಗಳು ಬರುವುದೇ ಇಲ್ಲ, ಬಂದರೆ ಹತ್ತು ದಿನ ಬಿಡುವುದಿಲ್ಲ. ಗಟ್ಟಿ ಗಟ್ಟಿಯಾಗಿ ಹೋಗುತ್ತದೆ. ನಡುರಾತ್ರಿ ಮೈಯೆಲ್ಲ ಬೆವತು ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಹಗಲು ಮಂಡಿ, ಭುಜ ಎಲ್ಲ ನೋವು. ಮಗಳ ಮೇಲೆ ಸುಮ್ ಸುಮ್ನೆ ರೇಗುತ್ತೇನೆ, ಆಮೇಲೆ ಅಳು ಬರುತ್ತದೆ.

ಇಲ್ಲಿನ ಒಂದು ನರ್ಸಿಂಗ್ ಹೋಮ್‌ನಲ್ಲಿ ಸ್ಕ್ಯಾನ್ ಮಾಡಿದರು. ಸಣ್ಣ ಗಡ್ಡೆ ಇದೆಯಂತೆ. "ಮಕ್ಕಳಾಗಿವೆ ಅಲ್ವಾ, ಗರ್ಭಕೋಶ ತೆಗೆಸಿಬಿಡಿ, ಎಲ್ಲ ಸರಿಹೋಗುತ್ತೆ" ಅಂದರು. ಅತ್ತೆಯೂ ಹೂಂ ಅಂದಿದ್ದಾರೆ. ಯಜಮಾನರು ನಿನ್ನಿಷ್ಟ ಅನ್ನುತ್ತಾರೆ. ಇದು ಮುಟ್ಟು ನಿಲ್ಲುವ ಕಾಲವಾ? 44ಕ್ಕೇ ಬರುತ್ತಾ? ಅಮ್ಮನನ್ನು ಕೇಳೋಣ ಅಂದರೆ ಅವರಿಲ್ಲ.

ಧಾರವಾಡದ ಅಕ್ಕ:

ತಂಗಿ, ಮೊದಲು ಒಂದು ಮಾತು. ಆಪರೇಷನ್‌ಗೆ ದಿನಾಂಕ ಕೊಡಬೇಡ, ಅಡ್ವಾನ್ಸ್ ಕಟ್ಟಬೇಡ. ಇನ್ನೊಬ್ಬ ಡಾಕ್ಟರ್ ಹತ್ತಿರ ತೋರಿಸು. ಸಿಟ್ಟು, ಅಳು ಎಲ್ಲ ನನಗೂ ಆಗಿತ್ತು, ನಿನ್ನ ತಲೆ ಕೆಟ್ಟಿಲ್ಲ. ಇಲ್ಲಿ ಮೈಸೂರಿನ ಡಾಕ್ಟರ್ ಒಬ್ಬರು ಇದ್ದಾರೆ, ಅವರು ಉತ್ತರ ಕೊಡ್ತಾರೆ, ಕಾಯಿ.

ಮೈಸೂರಿನ ಡಾಕ್ಟರ್ (ಸ್ತ್ರೀರೋಗ):

ತುಮಕೂರಿನವರೇ, ಹೌದು, ಇದು ಮುಟ್ಟು ನಿಲ್ಲುವ ಮುಂಚಿನ ಕಾಲ ಇರಬಹುದು. 44 ಅನ್ನುವುದು ನಮ್ಮಲ್ಲಿ ಬೇಗ ಏನಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 51. ಭಾರತದ ಹೆಂಗಸರಲ್ಲಿ ಅದು 46–47ರ ಆಸುಪಾಸು. ನಿಲ್ಲುವ ಮುಂಚೆ ಕೆಲವು ವರ್ಷ ಏರುಪೇರು ಇರುತ್ತದೆ. ಹಾಗಾಗಿ ನಲವತ್ತು ದಾಟುತ್ತಿದ್ದಂತೆ ತೊಂದರೆ ಶುರುವಾಗುವವರು ತುಂಬಾ ಜನ. ಸತತವಾಗಿ ಹನ್ನೆರಡು ತಿಂಗಳು ಮುಟ್ಟು ಬಾರದಿದ್ದರೆ ಆಗ ಮಾತ್ರ ನಿಂತಿದೆ ಅನ್ನುತ್ತೇವೆ. 40ಕ್ಕಿಂತ ಮುಂಚೆ ನಿಂತುಹೋದರೆ ಅದನ್ನು ಹಾಗೇ ಬಿಡಬಾರದು, ಪರೀಕ್ಷೆಯೂ ಬೇಕು, ಚಿಕಿತ್ಸೆಯೂ ಬೇಕು.

ರಕ್ತ ಯಾಕೆ ಹೀಗೆ ಹೋಗುತ್ತದೆ ಅಂದರೆ, ಈ ವಯಸ್ಸಿನಲ್ಲಿ ಎಲ್ಲ ತಿಂಗಳೂ ಅಂಡಾಣು ಬಿಡುಗಡೆಯಾಗುವುದಿಲ್ಲ. ಆಗದ ತಿಂಗಳು ಪ್ರೊಜೆಸ್ಟೆರಾನ್ ಅನ್ನುವ ಹಾರ್ಮೋನ್ ತಯಾರಾಗುವುದಿಲ್ಲ. ಈಸ್ಟ್ರೊಜೆನ್ ಹಾರ್ಮೋನ್ ಒಂದೇ ಇದ್ದು ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ. ಅದು ಕಳಚುವಾಗ ಜಾಸ್ತಿ ಹೋಗುತ್ತದೆ, ಬೇಗ ನಿಲ್ಲುವುದಿಲ್ಲ. ಇದೇ ಕಾರಣ ಅಂತ ಪರೀಕ್ಷೆ ಮಾಡದೆ ಹೇಳಲಾಗದು. ಗಡ್ಡೆಯಿಂದಲೂ ಆಗಬಹುದು, ಥೈರಾಯ್ಡ್‌ನಿಂದಲೂ ಆಗಬಹುದು. ಅದಕ್ಕೇ ಡಾಕ್ಟರ್ ಮುಂದೆ ಕೂತಾಗ ನೇರವಾಗಿ ಕೇಳಿ: ಗಡ್ಡೆ ಎಷ್ಟು ದೊಡ್ಡದು, ಎಲ್ಲಿದೆ, ರಕ್ತ ಹೋಗುವುದಕ್ಕೂ ಅದಕ್ಕೂ ನಂಟಿದೆಯಾ? ಒಳಪದರ ಎಷ್ಟು ದಪ್ಪ ಇದೆ? ಅದರ ಚೂರು ತೆಗೆದು ಪರೀಕ್ಷೆ ಮಾಡಬೇಕಾ? 45 ದಾಟಿದವರಿಗೆ, ತೂಕ ಜಾಸ್ತಿ ಇರುವವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಈ ಪರೀಕ್ಷೆ ಮುಖ್ಯ. ಹಿಮೋಗ್ಲೋಬಿನ್ ಮತ್ತು ಟಿಎಸ್ಎಚ್ (ಥೈರಾಯ್ಡ್ ರಕ್ತ ಪರೀಕ್ಷೆ) ಮಾಡಿಸಿ. ರಕ್ತ ಕಡಿಮೆಯಾಗಿದ್ದರೆ ಸುಸ್ತು, ಎದೆ ಬಡಿತ, ಸಿಡುಕು ಎಲ್ಲ ಅದರಿಂದಲೂ ಬರುತ್ತವೆ.

ಚಿಕಿತ್ಸೆ ಆಪರೇಷನ್ ಒಂದೇ ಅಲ್ಲ. ಮುಟ್ಟಿನ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವ, ರಕ್ತ ಹೋಗುವುದನ್ನು ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಇದೆ. ಪ್ರೊಜೆಸ್ಟೆರಾನ್ ಮಾತ್ರೆ ಇದೆ. ಗರ್ಭಕೋಶದೊಳಗೆ ಇಡುವ ಹಾರ್ಮೋನ್ ವಂಕಿ ಇದೆ, ಮಿರೇನಾ ಅಂತ ಕೇಳಿರಬಹುದು. ಅದು ವರ್ಷಗಟ್ಟಲೆ ಕೆಲಸ ಮಾಡುತ್ತದೆ, ತುಂಬಾ ಜನರಿಗೆ ರಕ್ತ ಹೋಗುವುದನ್ನು ಬಹಳ ಕಡಿಮೆ ಮಾಡುತ್ತದೆ. ಫೈಬ್ರಾಯ್ಡ್ ಅನ್ನುವ, ಕ್ಯಾನ್ಸರ್ ಅಲ್ಲದ ಗಡ್ಡೆಗಳು ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾವೇ ಕುಗ್ಗುತ್ತವೆ. ಇವೆಲ್ಲ ಆಗಿಯೂ ಕೇಳದಿದ್ದರೆ, ಗಡ್ಡೆ ದೊಡ್ಡದಿದ್ದರೆ, ಕ್ಯಾನ್ಸರಿನ ಲಕ್ಷಣ ಕಂಡರೆ ಆಪರೇಷನ್ ಸರಿಯೇ. ನಾನೂ ಮಾಡುತ್ತೇನೆ. ಆದರೆ ಸಣ್ಣ ಗಡ್ಡೆ ಮತ್ತು "ಮಕ್ಕಳಾಗಿವೆ" ಅನ್ನುವ ಎರಡೇ ಕಾರಣ ಸಾಲದು.

ಇನ್ನೂ ಒಂದು ಪ್ರಶ್ನೆ ಮರೆಯಬೇಡಿ. ಅಂಡಾಶಯವನ್ನೂ ತೆಗೆಯುತ್ತೀರಾ ಅಂತ ಕೇಳಿ. ಗರ್ಭಕೋಶ ಮಾತ್ರ ತೆಗೆದರೆ ಮುಟ್ಟು ನಿಲ್ಲುತ್ತದೆ, ಹಾರ್ಮೋನ್ ನಿಲ್ಲುವುದಿಲ್ಲ. ಅಂಡಾಶಯ ಎರಡೂ ತೆಗೆದರೆ ಮರುದಿನವೇ ಪೂರ್ತಿ ನಿಂತಂತೆ. ಬೆವರು, ನಿದ್ದೆಗೇಡು ಜೋರಾಗುತ್ತದೆ, ಮೂಳೆ ಮತ್ತು ಹೃದಯಕ್ಕೆ ಹತ್ತಾರು ವರ್ಷದ ಹೊರೆ ಬೇಗ ಶುರುವಾಗುತ್ತದೆ. ಅಂದರೆ ಯಾವ ತೊಂದರೆ ಹೋಗಲಿ ಅಂತ ನೀವು ಹೋಗಿದ್ದಿರೋ ಅದೇ ಜಾಸ್ತಿಯಾಗುತ್ತದೆ.

ಕಲಬುರಗಿ ಆರೋಗ್ಯ ಕಾರ್ಯಕರ್ತೆ:

ಡಾಕ್ಟರ್ ಅಮ್ಮಾರು ಹೇಳಿದ ಕೊನೆಯ ಮಾತನ್ನು ನಮ್ಮ ಕಡೆ ಮನೆ ಮನೆಗೂ ಹೇಳಬೇಕು. 2015ರಲ್ಲಿ ನಮ್ಮ ಜಿಲ್ಲೆಯ ತಾಂಡಾಗಳ ವಿಷಯ ಹೊರಗೆ ಬಿತ್ತು. ಹೊಟ್ಟೆನೋವು, ಬಿಳಿಸೆರಗು ಅಂತ ಹೋದ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳಿಗೆ ಕ್ಯಾನ್ಸರ್ ಆಗುತ್ತೆ ಅಂತ ಹೆದರಿಸಿ ಗರ್ಭಕೋಶ ತೆಗೆದಿದ್ದರು. ಸಾಲ ಮಾಡಿ, ಬಂಗಾರ ಒತ್ತೆ ಇಟ್ಟು ಆಪರೇಷನ್ ಮಾಡಿಸಿಕೊಂಡವರು ಅವರು. ಎಷ್ಟೋ ಜನರಿಗೆ ನಲವತ್ತೂ ಆಗಿರಲಿಲ್ಲ. ಅದಾದ ಮೇಲೆ ಸೊಂಟನೋವು, ಉರಿ, ದುಡಿಯಲಿಕ್ಕೆ ಆಗದ ಸುಸ್ತು. ಮಹಾರಾಷ್ಟ್ರದ ಬೀಡ್‌ನಲ್ಲಿ ಕಬ್ಬು ಕಡಿಯುವ ಹೆಂಗಸರ ಕಥೆ 2019ರಲ್ಲಿ ಪೇಪರಿನಲ್ಲಿ ಬಂತು, ಅದೂ ಇದೇ. ಮುಟ್ಟಾದರೆ ಕೂಲಿ ತಪ್ಪುತ್ತದೆ ಅಂತ ತೆಗೆಸಿಕೊಂಡವರು.

2023ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ, ಅನಗತ್ಯ ಗರ್ಭಕೋಶ ಆಪರೇಷನ್ ತಡೆಯಲು ಕೇಂದ್ರ ಮಾಡಿರುವ ಮಾರ್ಗಸೂಚಿಯನ್ನು ಜಾರಿ ಮಾಡಿ ಅಂತ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, 2019–21ರದ್ದು, ನೋಡಿದರೆ 15ರಿಂದ 49 ವರ್ಷದೊಳಗಿನ ನೂರು ಹೆಂಗಸರಲ್ಲಿ ಮೂರಕ್ಕೂ ಹೆಚ್ಚು ಜನರಿಗೆ ಗರ್ಭಕೋಶ ಇಲ್ಲ. ನಮ್ಮ ಪಕ್ಕದ ಆಂಧ್ರ, ತೆಲಂಗಾಣ ಮೇಲಿನ ಸಾಲಿನಲ್ಲಿವೆ. ಹಾಗಾಗಿ ತಂಗಿ, ಎರಡನೇ ಅಭಿಪ್ರಾಯ ಕೇಳುವುದು ಡಾಕ್ಟರಿಗೆ ಅವಮಾನ ಅಂದುಕೊಳ್ಳಬೇಡ. ಸ್ಕ್ಯಾನ್ ರಿಪೋರ್ಟ್ ನಿನ್ನದು, ಕೇಳಿ ಇಸಿದುಕೋ.

ಪೀಣ್ಯ ಗಾರ್ಮೆಂಟ್ಸ್:

ನಾನು ಟೈಲರಿಂಗ್ ಲೈನಿನಲ್ಲಿ ಇದ್ದೇನೆ. 47. ಕೂತ ಕಡೆಯೇ ಒಲೆಯ ಮುಂದೆ ನಿಂತ ಹಾಗೆ ಮುಖ, ಕುತ್ತಿಗೆ ಕಾಯುತ್ತದೆ. ಬೆವರು ಬಟ್ಟೆ ಮೇಲೆ ಬಿದ್ದರೆ ಪೀಸ್ ರಿಜೆಕ್ಟ್. ಟಾಯ್ಲೆಟ್ಟಿಗೆ ಎರಡು ಸಲ ಎದ್ದರೆ ಸೂಪರ್‌ವೈಸರ್ ಕೂಗುತ್ತಾರೆ. ಅದಕ್ಕೇ ನೀರು ಕುಡಿಯುವುದನ್ನೇ ಬಿಟ್ಟಿದ್ದೇವೆ, ಲೈನಿನಲ್ಲಿ ತುಂಬಾ ಜನ ಹಾಗೇ. ಉರಿಮೂತ್ರ ಮತ್ತೆ ಮತ್ತೆ ಬರುತ್ತದೆ. ಇದಕ್ಕೂ ಮುಟ್ಟು ನಿಲ್ಲುವುದಕ್ಕೂ ಸಂಬಂಧ ಇದೆಯಾ ಮೇಡಂ?

ಮೈಸೂರಿನ ಡಾಕ್ಟರ್ (ಸ್ತ್ರೀರೋಗ):

ಇದೆ. ನೇರ ಸಂಬಂಧ. ಈಸ್ಟ್ರೊಜೆನ್ ಕಡಿಮೆಯಾದಾಗ ಯೋನಿ ಮತ್ತು ಮೂತ್ರನಾಳದ ಪದರ ತೆಳುವಾಗಿ ಒಣಗುತ್ತದೆ. ಸೋಂಕು ಬೇಗ ಹತ್ತುತ್ತದೆ, ತಡೆಯಲಾಗದ ಹಾಗೆ ಮೂತ್ರ ಬರುತ್ತದೆ. ನೀರು ಬಿಟ್ಟರೆ ಇನ್ನೂ ಜಾಸ್ತಿ. ಮತ್ತೆ ಮತ್ತೆ ಆಂಟಿಬಯೋಟಿಕ್ ನುಂಗುವ ಬದಲು ಒಮ್ಮೆ ಮೂತ್ರ ಕಲ್ಚರ್ ಮಾಡಿಸಿ, ಸಕ್ಕರೆ ನೋಡಿಸಿ. ಯೋನಿಗೆ ಹಚ್ಚುವ ಈಸ್ಟ್ರೊಜೆನ್ ಕ್ರೀಂ ಇದೆ. ಅದು ಅಲ್ಲೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಮುಟ್ಟು ನಿಂತವರಲ್ಲಿ ಪದೇ ಪದೇ ಬರುವ ಉರಿಮೂತ್ರವನ್ನು ಅದು ಕಡಿಮೆ ಮಾಡುತ್ತದೆ. ನಿಮಗೆ ಇಎಸ್ಐ (ಕಾರ್ಮಿಕರ ಆರೋಗ್ಯ ವಿಮೆ) ಕಾರ್ಡ್ ಇದ್ದೇ ಇರುತ್ತದೆ, ಅದರಲ್ಲಿ ಹೆಂಗಸರ ಡಾಕ್ಟರಿಗೆ ತೋರಿಸಿ. ತೋರಿಸಿದ್ದಕ್ಕೆ ದುಡ್ಡು ಕಟ್ಟಬೇಕಿಲ್ಲ.

ಶಿವಮೊಗ್ಗ ಟೀಚರ್:

2025ರಲ್ಲಿ ನಮ್ಮ ಸರ್ಕಾರ ತಿಂಗಳಿಗೆ ಒಂದು ದಿನ ಮುಟ್ಟಿನ ರಜೆ ತಂದಿತಲ್ಲ, ಅದರಲ್ಲಿ ವಯಸ್ಸು 18ರಿಂದ 52 ಅಂತ ಇದೆ. ಅಂದರೆ ಈ ಏರುಪೇರಿನ ಕಾಲದವರಿಗೂ ಸಿಗಬೇಕು. ಆದರೆ ಮುಟ್ಟು ಬಾರದ ತಿಂಗಳಲ್ಲೇ ನನಗೆ ಕಷ್ಟ ಜಾಸ್ತಿ. ಪಾಠ ಮಾಡುತ್ತಾ ಮಾಡುತ್ತಾ ಗೊತ್ತಿರುವ ಪದವೇ ಮರೆತುಹೋಗುತ್ತದೆ. ಹತ್ತನೇ ಕ್ಲಾಸಿನ ಮಕ್ಕಳ ಮುಂದೆ ನಿಂತು ತಡಕಾಡುವಾಗ ಆಗುವ ಭಯ ಹೇಳಲಾರೆ. ಅಜ್ಜಿಗೆ ಮರೆವಿನ ಕಾಯಿಲೆ ಇತ್ತು, ನನಗೂ ಬಂತಾ ಅಂತ ನಿದ್ದೆ ಬಿಟ್ಟೆ. ಇದು ಆ ಕಾಯಿಲೆಯಲ್ಲ, ಈ ಕಾಲದಲ್ಲಿ ತುಂಬಾ ಜನರಿಗೆ ಆಗುತ್ತದೆ, ನಿದ್ದೆ ಸರಿಹೋದರೆ ಇದೂ ಎಷ್ಟೋ ಸುಧಾರಿಸುತ್ತದೆ ಅಂತ ಒಬ್ಬ ಡಾಕ್ಟರ್ ಸಮಾಧಾನವಾಗಿ ಹೇಳಿದ ಮೇಲೆ ಜೀವ ಬಂತು. ಆ ಐದು ನಿಮಿಷದ ಮಾತು ನನಗೆ ಯಾವ ಮಾತ್ರೆಗಿಂತಲೂ ದೊಡ್ಡದು.

ಲೆಸ್ಟರ್ ಕನ್ನಡತಿ:

ಇಂಗ್ಲೆಂಡಿನಿಂದ ಬರೆಯುತ್ತಿದ್ದೇನೆ. ಇಲ್ಲಿ ನಮ್ಮ ಸುತ್ತ ಗುಜರಾತಿ, ಪಂಜಾಬಿ, ಬಾಂಗ್ಲಾ ಹೆಂಗಸರು ತುಂಬಾ ಇದ್ದಾರೆ. ಎಲ್ಲರದ್ದೂ ಇದೇ ಕಥೆ. ಜಿಪಿ (ಇಲ್ಲಿನ ಫ್ಯಾಮಿಲಿ ಡಾಕ್ಟರ್) ಹತ್ತಿರ ಹೋಗಿ "ಮೈಯೆಲ್ಲ ನೋವು" ಅನ್ನುತ್ತಾರೆ. ನೋವಿನ ಮಾತ್ರೆ ಕೊಟ್ಟು ಕಳಿಸುತ್ತಾರೆ. ಮುಟ್ಟಿನ ಮಾತು ಇವರು ಎತ್ತುವುದಿಲ್ಲ, ಅವರು ಕೇಳುವುದಿಲ್ಲ. ಗಂಡನೋ ಮಗನೋ ದುಭಾಷಿಯಾಗಿ ಕೂತಿದ್ದರೆ ಹೇಗೆ ಹೇಳುವುದು? ಎನ್‌ಎಚ್‌ಎಸ್‌ನಲ್ಲಿ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ದುಭಾಷಿ ಉಚಿತ, ಹೆಂಗಸೇ ಬೇಕು ಅಂತ ಕೇಳಬಹುದು. ಊರಿನಿಂದ ಬಂದ ಅಮ್ಮಂದಿರಿಗೆ ಇದನ್ನು ತಿಳಿಸಿ.

ಇನ್ನೊಂದು ವಿಷಯ. ಡಾಕ್ಟರುಗಳಿಗೆ ಮಾರ್ಗಸೂಚಿ ಮಾಡುವ ಇಲ್ಲಿನ ನೈಸ್ ಸಂಸ್ಥೆಯ ಪ್ರಕಾರ 45 ದಾಟಿದವರಿಗೆ ಲಕ್ಷಣಗಳಿದ್ದರೆ ಸಾಕು, ಹಾರ್ಮೋನ್ ರಕ್ತ ಪರೀಕ್ಷೆ ಬೇಕಿಲ್ಲ. ಆ ಪರೀಕ್ಷೆಯಲ್ಲಿ ನೋಡುವ ಎಫ್ಎಸ್ಎಚ್ ಅನ್ನುವ ಹಾರ್ಮೋನ್ ಈ ಕಾಲದಲ್ಲಿ ವಾರಕ್ಕೊಂದು ಥರ ಇರುತ್ತದೆ. ಒಂದು ಸಲ ನಾರ್ಮಲ್ ಬಂತು ಅಂತ "ನಿಮಗೇನೂ ಇಲ್ಲ" ಅಂದರೆ ನಂಬಿ ವಾಪಸ್ ಬರಬೇಡಿ.

ನಮ್ಮವರ ಬಗ್ಗೆ ತಿಳುವಳಿಕೆ ಕಡಿಮೆ ಇರುವುದಕ್ಕೆ ಕಾರಣವೂ ಇದೆ. ಅಮೆರಿಕದಲ್ಲಿ ಸ್ವಾನ್ ಅನ್ನುವ ದೊಡ್ಡ ಅಧ್ಯಯನ 1990ರ ದಶಕದಲ್ಲಿ ಶುರುವಾಯಿತು. ಮೂರು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದರು. ಬಿಳಿಯರು, ಕಪ್ಪು ಜನಾಂಗದವರು, ಹಿಸ್ಪಾನಿಕ್, ಚೀನೀ, ಜಪಾನೀ ಹೆಂಗಸರು ಇದ್ದರು. ದಕ್ಷಿಣ ಏಷ್ಯಾದವರ ಗುಂಪು ಇರಲಿಲ್ಲ. ಬಿಸಿ ಏರುವ ತೊಂದರೆ ಸಾಮಾನ್ಯವಾಗಿ ಏಳು ವರ್ಷಕ್ಕೂ ಹೆಚ್ಚು ಇರುತ್ತದೆ ಅಂತ ಜಗತ್ತಿಗೆ ಹೇಳಿದ್ದು ಅದೇ ಅಧ್ಯಯನ. ನಮ್ಮ ಲೆಕ್ಕ ಅದರಲ್ಲಿ ಇಲ್ಲ ಅನ್ನುವುದು ನನಗೆ ತುಂಬಾ ಬೇಸರ ತರುತ್ತದೆ.

ಮೈಸೂರಿನ ಡಾಕ್ಟರ್ (ಸ್ತ್ರೀರೋಗ):

ಲೆಸ್ಟರ್‌ನವರು ಹೇಳಿದ್ದು ಸರಿ. ನಮ್ಮ ದೇಶದಲ್ಲಿ ನಡೆದ ಹಲವು ಅಧ್ಯಯನಗಳಲ್ಲಿ ಹೆಂಗಸರು ಹೆಚ್ಚಾಗಿ ಹೇಳಿರುವುದು ಕೀಲು ನೋವು, ಮೈಕೈ ನೋವು, ಸುಸ್ತು. ಬಿಸಿ ಏರುವುದು ಅದರ ನಂತರ. ಡಾಕ್ಟರುಗಳೂ ಇದನ್ನು ನೆನಪಿಟ್ಟುಕೊಳ್ಳಬೇಕು. 45ರ ಹೆಂಗಸು ಮಂಡಿನೋವು ಅಂತ ಬಂದರೆ ಮುಟ್ಟು ಹೇಗಿದೆ ಅಂತ ಕೇಳಲು ಅರ್ಧ ನಿಮಿಷ ಸಾಕು.

ಉಡುಪಿಯ ಅಜ್ಜಿ, 71:

ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ನಮ್ಮ ಕಾಲದಲ್ಲಿ ಮುಟ್ಟು ನಿಂತರೆ ಖುಷಿ ಪಡುತ್ತಿದ್ದೆವು ಮಕ್ಕಳೇ. ಹೊರಗೆ ಕೂರುವುದು ತಪ್ಪಿತು. ದೇವರ ಕೋಣೆಗೆ, ಮದುವೆ ಮನೆಯ ಅಡುಗೆಗೆ ಯಾವ ದಿನವೂ ಹೋಗಬಹುದು. ಮಾತಿಗೂ ತೂಕ ಬಂತು. ಆ ಬಿಡುಗಡೆಯ ಮುಂದೆ ಬೆವರು, ನಿದ್ದೆಗೇಡು ಹೇಳಿಕೊಳ್ಳುವ ವಿಷಯ ಅಂತ ಅನ್ನಿಸಲೇ ಇಲ್ಲ. ರಾತ್ರಿ ಎದ್ದು ಚಾವಡಿಯಲ್ಲಿ ಕೂರುತ್ತಿದ್ದೆ. ಅದಕ್ಕೇ ನಿಮ್ಮ ಅಮ್ಮಂದಿರು ನಿಮಗೆ ಏನೂ ಹೇಳಲಿಲ್ಲ. ಅರವತ್ತೈದಕ್ಕೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಮೂಳೆ ಸವೆದಿತ್ತಂತೆ. ಅದು ಮೊದಲೇ ಗೊತ್ತಿದ್ದರೆ ಅನ್ನಿಸುತ್ತದೆ.

ದಾವಣಗೆರೆ ನರ್ಸ್:

ಅಜ್ಜಿ, ನೀವು ಬರೆಸಿದ್ದು ತುಂಬಾ ಒಳ್ಳೆಯದಾಯಿತು. ಮುಟ್ಟು ನಿಂತ ಮೊದಲ ಐದಾರು ವರ್ಷ ಮೂಳೆ ಬೇಗ ಬೇಗ ಸವೆಯುತ್ತದೆ. ಆ ಹೊತ್ತಿನಲ್ಲಿ ನೋವೇ ಇರುವುದಿಲ್ಲ, ಅದಕ್ಕೇ ಯಾರೂ ಗಮನಿಸುವುದಿಲ್ಲ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪ್ರಕಾರ ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಇದೆ. ನೂರು ಮಿಲಿ ಹಾಲಿನಲ್ಲಿ 120ರಷ್ಟು. ಕರಿಎಳ್ಳು, ನುಗ್ಗೆಸೊಪ್ಪು, ಮೊಸರು ಎಲ್ಲ ಸೇರಿಸಿ. ಮುದ್ದೆ ಬಿಟ್ಟು ಬರೀ ಅನ್ನ, ಚಪಾತಿಗೆ ಹೋದವರು ಮತ್ತೆ ಮುದ್ದೆಗೆ ಬನ್ನಿ ಅಂತ ನಾನು ವಾರ್ಡಿನಲ್ಲಿ ಹೇಳುತ್ತಲೇ ಇರುತ್ತೇನೆ.

ಕ್ಯಾಲ್ಸಿಯಂ ಮಾತ್ರೆ ತೆಗೆದುಕೊಳ್ಳುವವರಿಗೆ ಒಂದು ಸೂಚನೆ. ಕಬ್ಬಿಣದ ಮಾತ್ರೆ ಮತ್ತು ಥೈರಾಯ್ಡ್ ಮಾತ್ರೆ ಜೊತೆ ಒಟ್ಟಿಗೆ ನುಂಗಬೇಡಿ, ಅವು ಮೈಗೆ ಹತ್ತುವುದಿಲ್ಲ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲಿ. ವಿಟಮಿನ್ ಡಿ ನೋಡಿಸಿ. ನಡಿಗೆ ಸಾಲದು, ಭಾರ ಎತ್ತುವ ವ್ಯಾಯಾಮವೂ ಬೇಕು. ನೀರು ತುಂಬಿದ ಬಾಟಲಿ ಹಿಡಿದು ಮನೆಯಲ್ಲೇ ಶುರುಮಾಡಿ.

ಹಾಸನದಿಂದ ಒಬ್ಬ ಗಂಡ:

ಹೆಂಗಸರ ಮಧ್ಯೆ ಬರೆಯಬಹುದಾ ಗೊತ್ತಿಲ್ಲ. ನನ್ನ ಹೆಂಡತಿಗೆ 48. ಮಾತಾಡಿಸಿದರೆ ಸಿಟ್ಟು, ಮಾತಾಡಿಸದಿದ್ದರೆ ಅಳು. ನಾನು ಏನು ಮಾಡಲಿ?

ಧಾರವಾಡದ ಅಕ್ಕ:

ಬರೆದದ್ದು ಒಳ್ಳೆಯದಾಯಿತು ತಮ್ಮ. ಅವಳ ಸಿಟ್ಟಿಗೆ ನೀನು ಉತ್ತರ ಹುಡುಕಬೇಡ, ಅವಳ ನಿದ್ದೆಯ ಕಡೆ ನೋಡು. ರಾತ್ರಿ ಎದ್ದು ಕೂರುತ್ತಾಳಾ? ಹಾಗಿದ್ದರೆ ಬೆಳಗಿನ ಡಬ್ಬಿ, ಕಾಫಿ ನೀನು ನೋಡಿಕೋ, ಅವಳು ಇನ್ನೊಂದು ಗಂಟೆ ಮಲಗಲಿ. ಫ್ಯಾನ್ ಅವಳ ಕಡೆ ಇರಲಿ, ನೀನು ಹೊದಿಕೆ ಹೊದ್ದುಕೋ. ಡಾಕ್ಟರ್ ಹತ್ತಿರ ಜೊತೆಗೆ ಹೋಗು, ಆದರೆ ಒಳಗೆ ಬರಲಾ ಬೇಡವಾ ಅಂತ ಅವಳನ್ನೇ ಕೇಳು. ಮಕ್ಕಳಿಗೂ ವಿಷಯ ಹೇಳು. ನಮ್ಮ ಮನೆಯಲ್ಲಿ ಮಗನಿಗೆ ಹೇಳಿದ ಮೇಲೆ ಅವನೇ ನನ್ನ ಪರ ನಿಂತ.

ಮೈಸೂರಿನ ಡಾಕ್ಟರ್ (ಸ್ತ್ರೀರೋಗ):

ಇದಕ್ಕೆ ಒಂದು ಸೇರಿಸುತ್ತೇನೆ. ಎರಡು ವಾರಕ್ಕಿಂತ ಜಾಸ್ತಿ ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಅನ್ನುವ ಮಾತು ಬಂದರೆ ವಯಸ್ಸಿನ ಸಿಡುಕು ಅಂತ ಬಿಡಬೇಡಿ. ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಹೆಸರು ಬೇಡ:

ಕೇಳಲು ಸಂಕೋಚ. ಗಂಡನ ಜೊತೆ ಸೇರುವುದು ಈಗ ಬಹಳ ನೋವು. ಬೇಡ ಅಂದರೆ ಅವರಿಗೆ ಬೇಸರ. ನನಗೆ ಅವರ ಮೇಲೆ ಪ್ರೀತಿ ಕಡಿಮೆಯಾಗಿಲ್ಲ. ಮುಟ್ಟು ನಿಂತು ಎಂಟು ತಿಂಗಳಾಯಿತು, ಇನ್ನು ಗರ್ಭ ನಿಲ್ಲುವ ಭಯ ಇಲ್ಲ ಅಲ್ವಾ?

ಮೈಸೂರಿನ ಡಾಕ್ಟರ್ (ಸ್ತ್ರೀರೋಗ):

ಸಂಕೋಚ ಬೇಡಮ್ಮ. ಇದನ್ನು ಕೇಳಲಾಗದೆ ವರ್ಷಗಟ್ಟಲೆ ನೋವು ತಿಂದವರನ್ನು ನೋಡಿದ್ದೇನೆ. ಆಗಲೇ ಹೇಳಿದ ಒಣಗುವಿಕೆಯೇ ಇದಕ್ಕೂ ಕಾರಣ. ಸೇರುವಾಗ ಹಚ್ಚುವ ಲೂಬ್ರಿಕೆಂಟ್ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ. ಅದರಿಂದ ಸಾಲದಿದ್ದರೆ ಈಸ್ಟ್ರೊಜೆನ್ ಕ್ರೀಂ, ಡಾಕ್ಟರ್ ಬರೆದುಕೊಡಬೇಕು, ಕೆಲವು ವಾರ ಬೇಕು. ಕಾಂಡೋಮ್ ಬಳಸುವುದಾದರೆ ಕೊಬ್ಬರಿ ಎಣ್ಣೆ ಹಚ್ಚಬೇಡಿ, ಕಾಂಡೋಮ್ ಹರಿದುಹೋಗುತ್ತದೆ.

ಗರ್ಭದ ವಿಷಯ: ಎಂಟು ತಿಂಗಳು ಸಾಲದು. 50 ದಾಟಿದವರಾದರೆ ಕೊನೆಯ ಮುಟ್ಟಿನಿಂದ ಒಂದು ವರ್ಷ, 50ರೊಳಗಿನವರಾದರೆ ಎರಡು ವರ್ಷ ಎಚ್ಚರಿಕೆ ಇರಲಿ.

ಬೆಂಗಳೂರು ಐಟಿ, 50:

ಹಾರ್ಮೋನ್ ಚಿಕಿತ್ಸೆ ಬಗ್ಗೆ ಯಾರೂ ಬರೆದಿಲ್ಲ. ನಾನು ಎರಡು ವರ್ಷದಿಂದ ತೆಗೆದುಕೊಳ್ಳುತ್ತಿದ್ದೇನೆ. ಚರ್ಮಕ್ಕೆ ಹಚ್ಚುವ ಈಸ್ಟ್ರೊಜೆನ್ ಜೆಲ್, ರಾತ್ರಿ ಪ್ರೊಜೆಸ್ಟೆರಾನ್ ಮಾತ್ರೆ. ನಿದ್ದೆ ವಾಪಸ್ ಬಂತು, ಕೆಲಸ ಬಿಡುವ ಯೋಚನೆ ಬಿಟ್ಟೆ. ಆದರೆ ಅಕ್ಕ ಇನ್ನೂ "ಕ್ಯಾನ್ಸರ್ ಬರುತ್ತೆ ಕಣೇ, ನಿಲ್ಲಿಸು" ಅನ್ನುತ್ತಾಳೆ. ವಾಟ್ಸಾಪಿನಲ್ಲಿ ಬಂದದ್ದನ್ನು ಕಳಿಸುತ್ತಲೇ ಇರುತ್ತಾಳೆ. ಬದಲಿಗೆ ಅಶ್ವಗಂಧ ತಗೋ ಅಂತಾಳೆ.

ಮೈಸೂರಿನ ಡಾಕ್ಟರ್ (ಸ್ತ್ರೀರೋಗ):

ಆ ಭಯ ಹುಟ್ಟಿದ್ದು 2002ರಲ್ಲಿ. ಅಮೆರಿಕದಲ್ಲಿ ಹಾರ್ಮೋನ್ ಚಿಕಿತ್ಸೆ ಮೇಲೆ ನಡೆಯುತ್ತಿದ್ದ ಡಬ್ಲ್ಯೂಎಚ್ಐ ಅನ್ನುವ ಅಧ್ಯಯನವನ್ನು ಅರ್ಧಕ್ಕೆ ನಿಲ್ಲಿಸಿದರು, ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಸ್ವಲ್ಪ ಹೆಚ್ಚಾಗಿದೆ ಅಂತ. ಸುದ್ದಿ ಜಗತ್ತೆಲ್ಲ ಹಬ್ಬಿತು. ಆ ಹೆಂಗಸರ ಸರಾಸರಿ ವಯಸ್ಸು 63 ಆಗಿತ್ತು, ಅನ್ನುವುದು ಹಬ್ಬಲಿಲ್ಲ. ಆಮೇಲೆ ವಯಸ್ಸಿನ ಪ್ರಕಾರ ಬೇರೆ ಬೇರೆ ಮಾಡಿ ನೋಡಿದಾಗ ಚಿತ್ರ ಬದಲಾಯಿತು. 60ರೊಳಗೆ, ಅಥವಾ ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರುಮಾಡಿದವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಸಾಮಾನ್ಯವಾಗಿ ಲಾಭವೇ ಹೆಚ್ಚು. ಮೂಳೆಯನ್ನೂ ಕಾಯುತ್ತದೆ.

ಎಲ್ಲರಿಗೂ ಅಲ್ಲ. ಸ್ತನ ಕ್ಯಾನ್ಸರ್ ಆದವರು, ರಕ್ತ ಹೆಪ್ಪುಗಟ್ಟುವ ತೊಂದರೆ ಅಥವಾ ಹೃದಯಾಘಾತ ಆದವರು, ಲಿವರ್ ಕಾಯಿಲೆ ಇರುವವರು, ಕಾರಣ ತಿಳಿಯದೆ ರಕ್ತ ಹೋಗುತ್ತಿರುವವರು ಸುಮ್ನೆ ಶುರುಮಾಡುವಂತಿಲ್ಲ. ಗರ್ಭಕೋಶ ಇರುವವರು ಈಸ್ಟ್ರೊಜೆನ್ ಒಂದನ್ನೇ ತೆಗೆದುಕೊಳ್ಳಬಾರದು, ಪ್ರೊಜೆಸ್ಟೆರಾನ್ ಜೊತೆಗಿರಬೇಕು, ಇಲ್ಲದಿದ್ದರೆ ಒಳಪದರದ ಕ್ಯಾನ್ಸರಿನ ಅಪಾಯ. ಜೆಲ್ ಅಥವಾ ಪ್ಯಾಚ್ ಆದರೆ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ. ಶುರುಮಾಡುವ ಮುಂಚೆ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಮ್ಯಾಮೋಗ್ರಾಂ (ಸ್ತನದ ಎಕ್ಸ್‌ರೇ) ನೋಡಿಸಿ. ಮುಟ್ಟು ನಿಂತ ಮೇಲೆ ಹೃದಯದ ಕಾಯಿಲೆ ಹೆಚ್ಚುತ್ತದೆ, ಹಾಗಾಗಿ ಹಾರ್ಮೋನ್ ಬೇಡ ಅನ್ನುವವರೂ ಇವನ್ನು ಮಾಡಿಸಬೇಕು.

ಅಶ್ವಗಂಧದ ಬಗ್ಗೆ: ಗಿಡಮೂಲಿಕೆ ಅಂದ ಮಾತ್ರಕ್ಕೆ ಅಪಾಯವೇ ಇಲ್ಲ ಅಂತಲ್ಲ. ಅದರಿಂದ ಲಿವರ್‌ಗೆ ತೊಂದರೆ ಆದ ವರದಿಗಳಿವೆ, ಥೈರಾಯ್ಡ್ ಹಾರ್ಮೋನನ್ನೂ ಏರಿಸಬಹುದು. ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ.

ತುಮಕೂರಿನ ಗೃಹಿಣಿ:

ಎಲ್ಲ ಓದಿದೆ, ಅತ್ತೆಗೂ ಓದಿ ಹೇಳಿದೆ. ಅವರು ಪೂರ್ತಿ ಕೇಳಿ, ತಮ್ಮ ತಂಗಿಗೂ ಆಪರೇಷನ್ ಆದ ಮೇಲೆ ಉರಿ ಜಾಸ್ತಿಯಾಗಿತ್ತು, ನಾವು ದೃಷ್ಟಿ ಅಂದುಕೊಂಡಿದ್ದೆವು ಅಂದರು. ಬೆಂಗಳೂರಿನ ವಾಣಿವಿಲಾಸದಲ್ಲಿ ತೋರಿಸಬಹುದಾ?

ಮೈಸೂರಿನ ಡಾಕ್ಟರ್ (ಸ್ತ್ರೀರೋಗ):

ಖಂಡಿತ ತೋರಿಸಬಹುದು, ಹೆಂಗಸರ ಸರ್ಕಾರಿ ಆಸ್ಪತ್ರೆ ಅದು. ತುಮಕೂರಿನ ಜಿಲ್ಲಾಸ್ಪತ್ರೆಯಲ್ಲೂ ಮೊದಲು ತೋರಿಸಬಹುದು. ಆದರೆ ಒಂದು ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ಹೋದರೆ, ತಲೆ ಸುತ್ತಿದರೆ ಕಾಯಬೇಡಿ, ಹತ್ತಿರದ ಆಸ್ಪತ್ರೆಗೆ ತಕ್ಷಣ ಹೋಗಿ.

ಮಂಡ್ಯದ ಮಗಳು:

ಡಾಕ್ಟರೇ, ನನ್ನ ಅಮ್ಮನ ವಿಷಯ. 58 ವರ್ಷ. ಮುಟ್ಟು ನಿಂತು ಒಂಬತ್ತು ವರ್ಷ. ಕಳೆದ ವಾರ ಎರಡು ದಿನ ಸ್ವಲ್ಪ ರಕ್ತ ಕಂಡಿತಂತೆ, ಈಗ ನಿಂತಿದೆ. "ಮೈ ಕಾವು, ಎಳನೀರು ಕುಡಿದೆ, ಸರಿಹೋಯ್ತು" ಅನ್ನುತ್ತಿದ್ದಾರೆ. ಸಕ್ಕರೆ ಕಾಯಿಲೆ ಇದೆ. ಬಿಡಬಹುದಾ?

ಮೈಸೂರಿನ ಡಾಕ್ಟರ್ (ಸ್ತ್ರೀರೋಗ):

ಬಿಡಬೇಡಿ. ಮುಟ್ಟು ನಿಂತ ಮೇಲೆ ಒಂದೇ ಒಂದು ಕಲೆ ಕಂಡರೂ ತೋರಿಸಲೇಬೇಕು. ಹೆಚ್ಚಿನ ಸಲ ಒಣಗುವಿಕೆಯೋ ಸಣ್ಣ ದುರ್ಮಾಂಸವೋ ಆಗಿರುತ್ತದೆ. ಆದರೆ ಸುಮಾರು ಹತ್ತರಲ್ಲಿ ಒಬ್ಬರಿಗೆ ಕ್ಯಾನ್ಸರ್ ಇರಬಹುದು, ಸಕ್ಕರೆ ಕಾಯಿಲೆ ಇರುವವರಿಗೆ ಅಪಾಯ ಇನ್ನೂ ಜಾಸ್ತಿ. ಒಳಪದರದ ಕ್ಯಾನ್ಸರ್ ಬೇಗ ಕಂಡರೆ ಗುಣವಾಗುತ್ತದೆ. ಯೋನಿಯ ಮೂಲಕ ಸ್ಕ್ಯಾನ್ ಮಾಡಿ ಒಳಪದರ ಅಳೆಯುತ್ತಾರೆ. 4 ಮಿಲಿಮೀಟರ್‌ಗಿಂತ ದಪ್ಪ ಇದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಗರ್ಭಕೋಶದ ಬಾಯಿಯನ್ನೂ ನೋಡಿ ಪ್ಯಾಪ್ (ಅಲ್ಲಿನ ಕ್ಯಾನ್ಸರ್ ಪತ್ತೆಯ ಪರೀಕ್ಷೆ) ಮಾಡಿಸಿ ಅನ್ನಿ.

ಮಂಡ್ಯದ ಮಗಳು:

ನಾಳೆಯೇ ರಜೆ ಹಾಕಿ ಕರೆದುಕೊಂಡು ಹೋಗುತ್ತೇನೆ. ಒಳಗೆ ಪರೀಕ್ಷೆ ಮಾಡುತ್ತಾರೆ ಅಂದರೆ ಅಮ್ಮ ಬರುವುದಿಲ್ಲ, ಏನು ಹೇಳಲಿ?

ದಾವಣಗೆರೆ ನರ್ಸ್:

ಇರುವುದನ್ನೇ ಹೇಳಿ. ಹೆಂಗಸು ಡಾಕ್ಟರ್ ಬೇಕು ಅಂತ ಚೀಟಿ ಮಾಡಿಸುವಾಗಲೇ ಕೇಳಿ. ಐದು ನಿಮಿಷದ ಕೆಲಸ, ನೀನು ಕೈ ಹಿಡಿದು ಪಕ್ಕದಲ್ಲೇ ನಿಲ್ಲುತ್ತೀಯ ಅಂತ ಹೇಳು. ನೋವಾದರೆ ನಿಲ್ಲಿಸಿ ಅನ್ನುವ ಹಕ್ಕು ಅಮ್ಮನಿಗಿದೆ ಅಂತಲೂ ಹೇಳು. ಅವರ ಸಕ್ಕರೆ, ಬಿಪಿ ಮಾತ್ರೆಯ ಚೀಟಿ, ಹಳೆಯ ಸ್ಕ್ಯಾನ್ ಇದ್ದರೆ ಅದು, ರಕ್ತ ಕಂಡ ದಿನಾಂಕ ಬರೆದುಕೊಂಡು ಹೋಗು. ಮಾತ್ರೆ ತಿಂಡಿ ತಪ್ಪಿಸಬೇಡ, ಸಾಲು ಉದ್ದ ಇರುತ್ತದೆ.